ಗೂಗಲ್ ಫೋಟೋಸ್: ನೋಡೋದಕ್ಕೆ ಸೂಪರ್, ಕಾಪಾಡೋದಕ್ಕೆ ಅದೊಂದೇ ಸಾಲದು

ಮೊದಲೇ ಅಂಕ ಕೊಟ್ಟುಬಿಡುತ್ತೇನೆ, ಕೊನೆವರೆಗೂ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರೋದಿಲ್ಲ. ಫೋಟೋ ನೋಡುವುದಕ್ಕೆ, ಹುಡುಕುವುದಕ್ಕೆ, ನೆಂಟರಿಷ್ಟರಿಗೆ ಕಳಿಸುವುದಕ್ಕೆ ಗೂಗಲ್ ಫೋಟೋಸ್‌ಗೆ 5ಕ್ಕೆ 4.5. ಮನೆಯ ಫೋಟೋ, ವಿಡಿಯೋಗಳನ್ನು ಮೊಮ್ಮಕ್ಕಳ ಕಾಲದವರೆಗೂ ಉಳಿಸುವ ಒಂದೇ ಒಂದು ಜಾಗ ಅಂತ ನಂಬಿಕೊಂಡರೆ 5ಕ್ಕೆ 2. ಅದೂ ಸ್ವಲ್ಪ ಧಾರಾಳವಾಗಿ.

ನಾನು ಬಳಸುವುದು ದುಡ್ಡು ಕೊಟ್ಟು ತೆಗೆದುಕೊಳ್ಳುವ 2 ಟಿಬಿ (ಸುಮಾರು 2,000 ಜಿಬಿ) ಪ್ಲಾನ್. ಮನೆಯವರೆಲ್ಲ ಅದರಲ್ಲೇ ಇದ್ದೇವೆ. ಬರೀ ಫೋನಿನ ಫೋಟೋಗಳಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಹಳೆ ಆಲ್ಬಮ್‌ನಿಂದ ಸ್ಕ್ಯಾನ್ ಮಾಡಿದ ಕಪ್ಪು ಬಿಳುಪು ಚಿತ್ರಗಳು, ವಿಎಚ್‌ಎಸ್ ಕ್ಯಾಸೆಟ್‌ನಿಂದ ಇಳಿಸಿದ ಅಕ್ಕನ ಮದುವೆ, ಅಪ್ಪ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿಕೊಂಡ ತಾಳಮದ್ದಳೆಗಳು, ಎಲ್ಲ ಸೇರಿದರೆ ನಮ್ಮದೂ ಒಂದು ಸಣ್ಣ ಭಂಡಾರವೇ. ದಿನಾ ನಾಲ್ಕು ಸೆಲ್ಫಿ ತೆಗೆದು ಮರೆತುಬಿಡುವವರಿಗಿಂತ ಇಂಥ ಹಳೆ ಸಾಮಾನು ಇಟ್ಟುಕೊಂಡವರಿಗೆ ಈ ವಿಮರ್ಶೆ ಜಾಸ್ತಿ ಉಪಯೋಗಕ್ಕೆ ಬಂದೀತು.

ಒಳ್ಳೆಯದನ್ನು ಮೊದಲು ಹೇಳಬೇಕು. ಹುಡುಕಾಟದಲ್ಲಿ ಇದನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಅಜ್ಜಿಯ ಮುಖಕ್ಕೆ ಒಂದು ಸಲ ಹೆಸರು ಕೊಟ್ಟರೆ ಸಾಕು, ಮದುವೆ ಮನೆಯ ಗುಂಪಿನಲ್ಲಿ ಹಿಂದೆಲ್ಲೋ ನಿಂತ ಅಜ್ಜಿಯನ್ನೂ ಹೆಕ್ಕಿ ಕೊಡುತ್ತದೆ. ಊರಿನ ಹೆಸರು ಹಾಕಿ ಹುಡುಕಬಹುದು, ಇಸವಿ ಹಾಕಿ ಹುಡುಕಬಹುದು. ಫೋನ್ ಕಳೆದುಹೋದರೂ ಹೊಸ ಫೋನಿನಲ್ಲಿ ಲಾಗಿನ್ ಆದರೆ ಎಲ್ಲ ವಾಪಸ್. ಮನೆಗೇ ಕುತ್ತು ಬಂದಾಗಂತೂ ಇದು ಸಣ್ಣ ವಿಷಯ ಅಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗೆ ಮನೆಯೇ ಹೋದವು. ಅಂಥ ಹೊತ್ತಿನಲ್ಲಿ ಬೀರುವಿನಲ್ಲಿದ್ದ ಆಲ್ಬಮ್ಮೂ ಉಳಿಯುವುದಿಲ್ಲ, ಅದರ ಪಕ್ಕ ಇಟ್ಟ ಹಾರ್ಡ್ ಡಿಸ್ಕೂ ಉಳಿಯುವುದಿಲ್ಲ. ಕ್ಲೌಡ್‌ನಲ್ಲಿ, ಅಂದರೆ ದೂರದಲ್ಲೆಲ್ಲೋ ಇರುವ ಕಂಪನಿಯ ಕಂಪ್ಯೂಟರ್‌ಗಳಲ್ಲಿ, ಇದ್ದದ್ದು ಉಳಿಯುತ್ತದೆ. ಅದಕ್ಕೇ ನಾನು ಇನ್ನೂ ದುಡ್ಡು ಕಟ್ಟುತ್ತಿದ್ದೇನೆ.

ಗೂಗಲ್‌ನವರ ಡಿಸ್ಕ್ ಕೆಟ್ಟು ಫೋಟೋ ಹೋದೀತು ಅನ್ನುವ ಭಯವೂ ನನಗೆ ಅಷ್ಟಿಲ್ಲ. ಒಂದೇ ಫೈಲನ್ನು ಅವರು ಒಂದಕ್ಕಿಂತ ಹೆಚ್ಚು ಕಡೆ ಇಟ್ಟಿರುತ್ತಾರೆ. ತೊಂದರೆ ಬರುವುದು ಬೇರೆ ಬಾಗಿಲಿಂದ. ನಿಯಮ ಬದಲಾಗುತ್ತದೆ, ಕಾರ್ಡಿನಿಂದ ದುಡ್ಡು ಹೋಗುವುದಿಲ್ಲ, ಒಟಿಪಿ ಬರಬೇಕಾದ ನಂಬರೇ ಇರುವುದಿಲ್ಲ, ಅಕೌಂಟನ್ನು ಯಾವುದೋ ಯಂತ್ರ ಮುಚ್ಚುತ್ತದೆ, ಮನೆಯ ಮಗು ಒಂದು ಬಟನ್ ಒತ್ತುತ್ತದೆ. ಎಷ್ಟೋ ಸಲ ಫೋಟೋ ಅಲ್ಲೇ ಭದ್ರವಾಗಿ ಇರುತ್ತದೆ, ನಮ್ಮ ಕೈಗೆ ಮಾತ್ರ ಸಿಗುವುದಿಲ್ಲ.

ಬಿಟ್ಟಿಯ ಕತೆಯಿಂದ ಶುರು ಮಾಡೋಣ. 2015ರ ಮೇ ತಿಂಗಳಲ್ಲಿ ಇದು ಬಂದಾಗ 'ಹೈ ಕ್ವಾಲಿಟಿ'ಯಲ್ಲಿ ಎಷ್ಟು ಬೇಕಾದರೂ ಹಾಕಿ, ಕಾಸಿಲ್ಲ ಅಂದಿದ್ದರು. ಊರೆಲ್ಲ ತುಂಬಿಸಿತು. ಗುಡ್ ಮಾರ್ನಿಂಗ್ ಚಿತ್ರದಿಂದ ಹಿಡಿದು ಗ್ಯಾಸ್ ಬಿಲ್‌ವರೆಗೆ. ಆರು ವರ್ಷ ಆದ ಮೇಲೆ, 2021ರ ಜೂನ್ 1ಕ್ಕೆ ಆ ಸೌಲಭ್ಯ ನಿಂತಿತು. ಹಿಂದೆ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟರ ಮಟ್ಟಿಗೆ ಶಹಬ್ಬಾಸ್ ಅನ್ನೋಣ. ಅಲ್ಲಿಂದಾಚೆ ಹಾಕಿದ್ದೆಲ್ಲ 15 ಜಿಬಿಯ ಲೆಕ್ಕಕ್ಕೆ ಬಂತು. ಆ 15 ಜಿಬಿಯಾದರೂ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ. ಜಿಮೇಲ್, ಫೈಲ್‌ಗಳನ್ನು ಇಡುವ ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟು. ಮೊದಲು ಲೆಕ್ಕಕ್ಕೇ ಇರದಿದ್ದ ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ಪನ್ನೂ 2024ರಲ್ಲಿ ಅದರೊಳಗೇ ತಂದು ಸೇರಿಸಿದರು. ನಮ್ಮ ಮನೆಗಳ ಫ್ಯಾಮಿಲಿ ಗ್ರೂಪ್‌ಗಳು ಗೊತ್ತಲ್ಲ, ಆ ಒಂದು ಬ್ಯಾಕಪ್ಪೇ ಸಾಕು ಅರ್ಧ ಜಾಗ ತಿನ್ನೋದಕ್ಕೆ.

ಜಾಗ ತುಂಬಿದರೆ ಏನಾಗುತ್ತದೆ? ಹೊಸ ಫೋಟೋ ಮೇಲೆ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನು ಅಂದ್ರೆ, ಜಿಮೇಲ್‌ಗೆ ಮೇಲ್ ಬರುವುದೂ ನಿಂತುಹೋಗುತ್ತದೆ. ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಸೋದರಳಿಯನ ನಾಮಕರಣದ ವಿಡಿಯೋ ತುಂಬಿದ್ದಕ್ಕೆ ಬ್ಯಾಂಕಿನ ಮೇಲ್ ಬರದಿದ್ದರೆ ಯಾರಿಗೆ ಹೇಳೋಣ? ಜೊತೆಗೆ ನಿಯಮದಲ್ಲಿ ಇನ್ನೊಂದು ಸಾಲಿದೆ: ಮಿತಿ ಮೀರಿ ಎರಡು ವರ್ಷ ಹಾಗೇ ಬಿಟ್ಟರೆ ಒಳಗಿರುವುದನ್ನೆಲ್ಲ ಅಳಿಸಬಹುದು.

ಹಾಗಾಗಿ ದುಡ್ಡು ಕೊಡಲೇಬೇಕು. ನಾನು ತೆಗೆದುಕೊಂಡಾಗ 100 ಜಿಬಿಗೆ ವರ್ಷಕ್ಕೆ 1,300 ರೂಪಾಯಿ, 200 ಜಿಬಿಗೆ 2,100, ಅದರ ಮೇಲೆ ಸೀದಾ 2 ಟಿಬಿಗೆ 6,500. ನಡುವೆ ಏನೂ ಇರಲಿಲ್ಲ. 210 ಜಿಬಿ ಇದ್ದವರೂ 2 ಟಿಬಿ ದುಡ್ಡನ್ನೇ ಕೊಡಬೇಕಿತ್ತು. ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ 65,000 ಆಗುತ್ತದೆ, ದರ ಏರಿಸದಿದ್ದರೆ. ಸಿನಿಮಾ ನೋಡುವ ಆ್ಯಪ್ ಆದರೆ ಬೇಡ ಅನಿಸಿದ ತಿಂಗಳು ನಿಲ್ಲಿಸಬಹುದು, ಏನೂ ಹೋಗುವುದಿಲ್ಲ. ಇಲ್ಲಿ ಒಳಗೆ ಅಜ್ಜನ ಫೋಟೋ ಇದೆ, ನಿಲ್ಲಿಸೋದು ಹೇಗೆ? ನಾವು ತುಂಬಿದಷ್ಟೂ ಬಿಟ್ಟುಬರುವುದು ಕಷ್ಟ ಆಗುತ್ತದೆ ಅನ್ನುವುದು ಅವರಿಗೂ ಚೆನ್ನಾಗಿ ಗೊತ್ತು.

ದುಡ್ಡು ಕೊಡಲು ರೆಡಿ ಇದ್ದರೂ ಕೆಲವು ಸಲ ಅದು ಹೋಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದು ಕಾರ್ಡಿನಿಂದ ತಾನಾಗಿಯೇ ದುಡ್ಡು ಕಡಿತವಾಗುವ ವ್ಯವಸ್ಥೆ ಬದಲಾದಾಗ ಬಹಳ ಜನರ ಚಂದಾಗಳು ಮಧ್ಯದಲ್ಲೇ ಕೈಕೊಟ್ಟವು. 2022ರಲ್ಲಿ ಆಪಲ್‌ನವರು ಭಾರತದಲ್ಲಿ ಕಾರ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು, ಅವರ ಕ್ಲೌಡ್ ಸೇವೆಯಾದ ಐಕ್ಲೌಡ್‌ಗೆ ದುಡ್ಡು ಕಟ್ಟುವವರು ಯುಪಿಐ, ನೆಟ್‌ಬ್ಯಾಂಕಿಂಗ್, ಆಪಲ್ ಐಡಿಗೆ ಮುಂಗಡ ಹಾಕುವುದು ಅಂತ ದಾರಿ ಹುಡುಕಬೇಕಾಯಿತು. ನಿಯಮ ಗ್ರಾಹಕರ ಒಳ್ಳೆಯದಕ್ಕೇ ಬಂದದ್ದು, ನಾನು ಅದನ್ನು ಬೈಯುತ್ತಿಲ್ಲ. ಆದರೆ ಅಪ್ಪ ಅಮ್ಮನಂಥವರಿಗೆ, ಕಾರ್ಡಿನ ಅವಧಿ ಮುಗಿದದ್ದು ಕೂಡ ಗೊತ್ತಾಗದವರಿಗೆ, ಚಂದಾ ಕಟ್ಟಾದ ಮೇಲೆ ಬರುವ ಇಂಗ್ಲಿಷ್ ಮೇಲ್ ಪ್ರಮೋಷನ್ ಮೇಲ್‌ಗಳ ರಾಶಿಯಲ್ಲಿ ಎಲ್ಲೋ ಸೇರಿಹೋಗುತ್ತದೆ.

ಗುಣಮಟ್ಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಗ 'ಹೈ ಕ್ವಾಲಿಟಿ' ಅಂದದ್ದಕ್ಕೆ ಈಗ 'ಸ್ಟೋರೇಜ್ ಸೇವರ್' ಅಂತ ಹೆಸರು. ಅದರಲ್ಲಿ ಫೋಟೋಗಳನ್ನು ಒತ್ತಿ ಚಿಕ್ಕದು ಮಾಡುತ್ತಾರೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಅಷ್ಟಕ್ಕೆ ಇಳಿಸುತ್ತಾರೆ, ವಿಡಿಯೋ 1080ಪಿಗೆ ಇಳಿಯುತ್ತದೆ. ಫೋನಿನಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ. 4ಕೆಯಲ್ಲಿ ತೆಗೆದ ಮಗಳ ಭರತನಾಟ್ಯವನ್ನು ಮುಂದೆ ದೊಡ್ಡ ಟಿವಿಯಲ್ಲಿ ಹಾಕಿದಾಗ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಫೋನಿನಲ್ಲಿದ್ದ ಮೂಲ ಫೈಲ್ ಫೋನಿನ ಜಾಗ ಖಾಲಿ ಮಾಡುವ 'ಫ್ರೀ ಅಪ್ ಸ್ಪೇಸ್' ಬಟನ್ ಒತ್ತಿ ಹೋಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಕ್ವಾಲಿಟಿ' ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇನ್ನು ಆಡಿಯೋ ಫೈಲ್‌ಗಳನ್ನು ಗೂಗಲ್ ಫೋಟೋಸ್ ತೆಗೆದುಕೊಳ್ಳುವುದೇ ಇಲ್ಲ. ಅಪ್ಪನ ತಾಳಮದ್ದಳೆಗಳು ಡ್ರೈವ್‌ನಲ್ಲಿ ಬೇರೆ ಕೂತಿವೆ. ಒಂದೇ ಪ್ರಸಂಗದ ಫೋಟೋ ಒಂದು ಕಡೆ, ದನಿ ಇನ್ನೊಂದು ಕಡೆ.

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ತಿಳಿದಿರುವುದು ಡಿಲೀಟ್ ಬಗ್ಗೆ. 'ನನ್ನ ಫೋನಿನಿಂದ ಅಳಿಸಿದ್ದೇನೆ, ಗೂಗಲ್‌ನಲ್ಲಿ ಇದ್ದೇ ಇರುತ್ತಲ್ಲ' ಅಂತ ಎಷ್ಟು ಜನ ಹೇಳಿಲ್ಲ ನನಗೆ! ಗೂಗಲ್ ಫೋಟೋಸ್ ಆ್ಯಪ್‌ನೊಳಗೆ ಡಿಲೀಟ್ ಒತ್ತಿದರೆ ಫೋನು, ಕ್ಲೌಡು ಎರಡರಿಂದಲೂ ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಶಾಶ್ವತವಾಗಿ ಇಲ್ಲ. 60 ದಿನದಲ್ಲಿ ನಾವು ನೋಡಿಕೊಳ್ಳುತ್ತೇವಾ? ದಸರಾ ರಜೆಯಲ್ಲಿ ಮಗು ಅಳಿಸಿದ ಹಳೆ ಫೋಟೋ ಯುಗಾದಿಗೆ ನೆನಪಾಗುತ್ತದೆ. ಒಂದು ಕಡೆ ಆದದ್ದು ಎಲ್ಲ ಕಡೆಯೂ ಆಗುವ ವ್ಯವಸ್ಥೆ ಇದು. ಬ್ಯಾಕಪ್ ಅಂದರೆ ಒಂದು ಕಡೆ ತಪ್ಪಾದರೂ ಇನ್ನೊಂದು ಕಡೆ ಸರಿ ಇರಬೇಕು, ಅಲ್ವಾ? ಆಪಲ್‌ನವರದ್ದೂ ಇದೇ ಕತೆ, ಇನ್ನೂ ಸ್ವಲ್ಪ ಜಾಸ್ತಿಯೇ: 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಆನ್ ಇದ್ದರೆ ಫೋನಿನಲ್ಲಿ ಇರುವುದು ಚಿಕ್ಕ ಪ್ರತಿ, ಮೂಲ ಅವರ ಹತ್ತಿರ.

ಈಗ ಹೊರಗೆ ತರುವ ವಿಷಯ. ಯಾವುದೇ ಕ್ಲೌಡ್ ಸೇವೆಯನ್ನು ಒಳಗೆ ಹಾಕುವುದು ಎಷ್ಟು ಸುಲಭ ಅಂತ ನೋಡಿ ಅಳೆಯಬಾರದು, ವಾಪಸ್ ತೆಗೆಯುವುದು ಎಷ್ಟು ಸುಲಭ ಅಂತ ನೋಡಬೇಕು. ನಾನು ಎರಡು ಅಂಕ ಕಳೆದದ್ದು ಇದೊಂದಕ್ಕೇ.

ಗೂಗಲ್‌ನಿಂದ ಎಲ್ಲವನ್ನೂ ಒಟ್ಟಿಗೆ ತೆಗೆಯಲು 'ಟೇಕ್‌ಔಟ್' ಅಂತ ಒಂದು ದಾರಿ ಇದೆ. ಅದು ಇರುವುದೇ ಒಳ್ಳೆಯದು, ಎಷ್ಟೋ ಕಂಪನಿಗಳು ಅಷ್ಟನ್ನೂ ಕೊಡುವುದಿಲ್ಲ. ನೀವು ಕೇಳಿದ ಮೇಲೆ ಅವರು ಸಿದ್ಧ ಮಾಡಲು ಕೆಲವು ಗಂಟೆ, ಇಲ್ಲವೇ ಕೆಲವು ದಿನ ತೆಗೆದುಕೊಳ್ಳುತ್ತಾರೆ. ಆಮೇಲೆ ಜಿಪ್ ಫೈಲ್‌ಗಳ ಲಿಂಕ್ ಬರುತ್ತದೆ. ಒಂದೊಂದು ಜಿಪ್ 2 ಜಿಬಿ ಇರಬೇಕಾ, 50 ಜಿಬಿ ಇರಬೇಕಾ ಅಂತ ನೀವೇ ಆರಿಸಬಹುದು. ಲಿಂಕ್‌ಗೆ ಹೆಚ್ಚುಕಡಿಮೆ ಒಂದು ವಾರದ ಆಯಸ್ಸು. ಬೆಂಗಳೂರಿನಲ್ಲಿ ಫೈಬರ್ ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಊರಲ್ಲಿ, ದಿನಕ್ಕೆ 1.5 ಜಿಬಿಯ ಮೊಬೈಲ್ ಡೇಟಾ ನಂಬಿಕೊಂಡವರು 200 ಜಿಬಿ ಇಳಿಸಬೇಕು ಅಂದರೆ ನಾಲ್ಕು ತಿಂಗಳಿಗಿಂತ ಜಾಸ್ತಿ ಬೇಕು, ಅದೂ ಬೇರೇನೂ ನೋಡದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೂಡ ಮಲಗುವ ನಮ್ಮ ಮಲೆನಾಡಿನ ಕಡೆಯವರು ಒಂದು ವಾರದ ಲಿಂಕ್ ಇಟ್ಟುಕೊಂಡು ಏನು ಮಾಡಬೇಕೋ ಗೊತ್ತಿಲ್ಲ.

ಇಳಿಸಿಕೊಂಡಿರಿ ಅಂತಲೇ ಇಟ್ಟುಕೊಳ್ಳಿ. ಜಿಪ್ ಬಿಚ್ಚಿದರೆ ಒಳಗೆ ಫೋಟೋ ಮಾತ್ರ ಇರುವುದಿಲ್ಲ. ಫೋಟೋ ಪಕ್ಕದಲ್ಲೇ ಜೇಸನ್ ಅನ್ನುವ ಒಂದು ಪುಟ್ಟ ಫೈಲ್ ಇರುತ್ತದೆ. ಫೋಟೋ ತೆಗೆದ ದಿನ, ಜಾಗ, ನೀವು ಬರೆದ ವಿವರಣೆ ಅದರಲ್ಲಿ ಇರುತ್ತವೆ. ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಿಗೆ ತೊಂದರೆ ಕಡಿಮೆ, ಅವುಗಳೊಳಗೇ ತಾರೀಕು ಅಚ್ಚಾಗಿರುತ್ತದೆ. ಕಷ್ಟ ಇರುವುದು ಸ್ಕ್ಯಾನ್ ಮಾಡಿದ ಹಳೆ ಫೋಟೋಗಳಿಗೆ. ನೀವು ಕೂತು, ಅಮ್ಮನನ್ನು ಕೇಳಿ, ದೊಡ್ಡಮ್ಮನಿಗೆ ಫೋನ್ ಮಾಡಿ, 'ಇದು 1978, ಜಾತ್ರೆಗೆ ಹೋದಾಗಿನದು, ಪಕ್ಕದಲ್ಲಿ ನಿಂತವರು ಶಾಲೆಯ ಮೇಷ್ಟ್ರು' ಅಂತ ಒಂದೊಂದಕ್ಕೂ ತಾರೀಕು ಹಾಕಿ, ವಿವರ ಬರೆದು ಇಟ್ಟಿರುತ್ತೀರಿ. ಆ್ಯಪ್‌ನಲ್ಲಿ ನೋಡಿದರೆ ಎಲ್ಲ ಅಚ್ಚುಕಟ್ಟು. ಟೇಕ್‌ಔಟ್‌ನಲ್ಲಿ ಹೊರಗೆ ತಂದರೆ ಫೋಟೋ ಫೈಲಿಗೆ ಅದ್ಯಾವುದೂ ಅಂಟಿಕೊಂಡಿರುವುದಿಲ್ಲ, ಸ್ಕ್ಯಾನ್ ಮಾಡಿದ ದಿನವೇ ಫೋಟೋದ ದಿನ. ನಿಮ್ಮ ಶ್ರಮ ಪೂರಾ ಆ ಜೇಸನ್ ಫೈಲಿನಲ್ಲಿ ಇದೆ. ಎಕ್ಸಿಫ್‌ಟೂಲ್‌ನಂಥ ತಂತ್ರಾಂಶ ಬಳಸಿ ಎರಡನ್ನೂ ಮತ್ತೆ ಸೇರಿಸಬಹುದು, ನಾನು ಸೇರಿಸಿದ್ದೇನೆ. ಆದರೆ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಅಂತ ನಮ್ಮ ದೊಡ್ಡಮ್ಮನಿಗೆ ಹೇಳಕ್ಕಾಗುತ್ತಾ? ಹೆಸರು ಉದ್ದ ಇದ್ದರೆ ಜೇಸನ್ ಫೈಲಿನ ಹೆಸರನ್ನು ಮಧ್ಯದಲ್ಲೇ ಕತ್ತರಿಸಿರುತ್ತಾರೆ, ಯಾವುದು ಯಾವುದಕ್ಕೆ ಜೋಡಿ ಅಂತ ಪತ್ತೆ ಮಾಡುವುದು ಇನ್ನೊಂದು ಕೆಲಸ.

ವಾಟ್ಸಾಪ್‌ನಿಂದ ಬಂದ ಫೋಟೋಗಳದ್ದು ಬೇರೆ ಪಾಡು. ವಾಟ್ಸಾಪ್ ಕಳಿಸುವಾಗಲೇ ಒಳಗಿನ ತಾರೀಕು, ಜಾಗದ ವಿವರ ತೆಗೆದುಹಾಕುತ್ತದೆ. ಫೈಲಿನ ಹೆಸರಿನಲ್ಲಿರುವ 20190412 ಅನ್ನುವಂಥ ಅಂಕಿಯಷ್ಟೇ ಗತಿ, ಅದೂ ನಿಮಗೆ ತಲುಪಿದ ದಿನ, ಫೋಟೋ ತೆಗೆದ ದಿನ ಅಲ್ಲ. ನಮ್ಮ ಮನೆಗಳಲ್ಲಿ ಅರ್ಧಕ್ಕರ್ಧ ಫೋಟೋ ಬಂದಿರುವುದು ಹಾಗೇ. ಮುಖ್ಯವಾದ ಫೋಟೋ ಇದ್ದರೆ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸೋಕೆ ಹೇಳಿ.

ಇನ್ನೂ ಒಂದು ದಾರಿ ಇತ್ತು. ಬೇರೆಯವರು ಬರೆದ ತಂತ್ರಾಂಶಗಳು ಗೂಗಲ್ ಫೋಟೋಸ್‌ನಿಂದ ತಾವಾಗಿಯೇ ಫೋಟೋಗಳನ್ನು ಮನೆಯ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತಿದ್ದವು. ಹಾಗೆ ಬಂದ ಪ್ರತಿಯಲ್ಲಿ ಜಾಗದ ವಿವರ ಇರುತ್ತಿರಲಿಲ್ಲ, ವಿಡಿಯೋ ಒತ್ತಿ ಚಿಕ್ಕದು ಮಾಡಿದ್ದೇ ಬರುತ್ತಿತ್ತು, ಆದರೂ ಏನೋ ಒಂದು ಇತ್ತು. 2025ರ ಮಾರ್ಚ್ 31ರ ನಂತರ ಅದೂ ಮುಚ್ಚಿತು. ಈಗ ಅಂಥ ತಂತ್ರಾಂಶಕ್ಕೆ ಕಾಣುವುದು ತಾನೇ ಮೇಲೆ ಹಾಕಿದ ಫೋಟೋಗಳು, ಇಲ್ಲವೇ ನಾವು ಕೈಯಾರೆ ಆರಿಸಿಕೊಟ್ಟವು ಮಾತ್ರ. ಖಾಸಗಿತನಕ್ಕಾಗಿ ಅಂತ ಕಾರಣ ಹೇಳುತ್ತಾರೆ, ಅದರಲ್ಲಿ ನಿಜವೂ ಇದೆ. ಆದರೆ ನಮ್ಮ ಫೋಟೋ ನಾವು ತಗೊಳ್ಳೋಕೆ ಉಳಿದದ್ದು ಟೇಕ್‌ಔಟ್, ಇಲ್ಲಾಂದ್ರೆ ಕೂತು ಕೈಯಾರೆ ಆರಿಸಿ ಆರಿಸಿ ಡೌನ್‌ಲೋಡ್. ಅಂದ ಹಾಗೆ ಆ ಟೇಕ್‌ಔಟ್ ಕೂಡ ಒಮ್ಮೆ ಎಡವಿದೆ. 2019ರ ನವೆಂಬರ್‌ನಲ್ಲಿ ಕೆಲವು ದಿನ ಒಬ್ಬರ ವಿಡಿಯೋ ಇನ್ನೊಬ್ಬರ ಜಿಪ್‌ನಲ್ಲಿ ಸೇರಿಹೋಗಿತ್ತು, ಗೂಗಲ್ ಅದನ್ನು 2020ರಲ್ಲಿ ತಾನೇ ಒಪ್ಪಿಕೊಂಡಿತು. ಸಿಕ್ಕಿಕೊಂಡವರು ಬಹಳ ಕಡಿಮೆ ಜನ, ಆದರೂ ನಿಮ್ಮ ಬಾಣಂತನದ ವಿಡಿಯೋ ಯಾರದೋ ಮನೆಯ ಜಿಪ್‌ನಲ್ಲಿ ಇರಬಹುದು ಅಂದರೆ ಹೇಗಾಗುತ್ತದೆ.

ಬೀಗದ ಕೈ ಯಾರ ಹತ್ತಿರ ಅನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ತಂದೆ, 2021ರಲ್ಲಿ, ಡಾಕ್ಟರಿಗೆ ತೋರಿಸಲು ಅಂತ ತನ್ನ ಪುಟ್ಟ ಮಗನ ಊತದ ಫೋಟೋ ತೆಗೆದಿದ್ದರು. ಫೋನಿನಿಂದ ಅದು ತಾನಾಗಿಯೇ ಗೂಗಲ್‌ಗೆ ಹೋಯಿತು. ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ಅಂತ ಗುರುತು ಹಾಕಿತು. ಅಕೌಂಟ್ ಬಂದ್. ಮೇಲ್, ಮಗನ ಹುಟ್ಟಿದಾಗಿನ ಫೋಟೋ, ಗೂಗಲ್‌ನದೇ ಆಗಿದ್ದ ಫೋನ್ ನಂಬರ್, ಎಲ್ಲ ಒಟ್ಟಿಗೆ. ಪೊಲೀಸರು ತನಿಖೆ ಮಾಡಿ ತಪ್ಪೇನೂ ಇಲ್ಲ ಅಂದರು, ಅಕೌಂಟ್ ಮಾತ್ರ ವಾಪಸ್ ಬರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಇದನ್ನು 2022ರ ಆಗಸ್ಟ್‌ನಲ್ಲಿ ಬರೆಯಿತು. ಅಂಥ ಚಿತ್ರಗಳನ್ನು ಹುಡುಕುವುದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ತಪ್ಪು ಮಾಡಿದಾಗ ಹೋಗಿ ಮಾತಾಡಲು ಒಂದು ಕೌಂಟರ್ ಇಲ್ಲ, ಒಬ್ಬ ಮ್ಯಾನೇಜರ್ ಇಲ್ಲ. ಬಾಣಂತಿ ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಫೋಟೋ ನಮ್ಮಲ್ಲಿ ಯಾರ ಆಲ್ಬಮ್‌ನಲ್ಲಿ ಇಲ್ಲ ಹೇಳಿ?

ಸಾವಿನ ನಂತರದ್ದು ಇದಕ್ಕಿಂತ ಹತ್ತಿರದ ವಿಷಯ. ನಮ್ಮ ನೆಂಟರೊಬ್ಬರು ತೀರಿಕೊಂಡಾಗ ಮನೆಯವರಿಗೆ ಸಿಮ್ ರೀಚಾರ್ಜ್ ಮಾಡಬೇಕು ಅಂತ ಹೊಳೆಯಲಿಲ್ಲ, ಅಂಥ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ. ನಂಬರ್ ಬಂದ್ ಆಯಿತು. ಫೋಟೋ ಇದ್ದ ಅಕೌಂಟಿಗೆ ಲಾಗಿನ್ ಆಗಲು ಹೋದರೆ ಒಟಿಪಿ ಆ ನಂಬರಿಗೇ. ಯಾವ ಕಂಪನಿ ಅಂತ ಹೇಳುವುದಿಲ್ಲ, ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ. ನಮ್ಮ ದೇಶದಲ್ಲಿ ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಅಂದರೆ ನಿಮ್ಮ ಅಪ್ಪನ ಅಕೌಂಟಿನ ಒಟಿಪಿ ಯಾರದೋ ಫೋನಿಗೆ ಹೋಗುವ ದಿನವೂ ಬರುತ್ತದೆ. ಗೂಗಲ್ ಅಕೌಂಟನ್ನು ಎರಡು ವರ್ಷ ಯಾರೂ ಮುಟ್ಟದಿದ್ದರೆ ಅಳಿಸಬಹುದು ಅನ್ನುವ ನಿಯಮ ಬೇರೆ, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇದಕ್ಕೆ ಪರಿಹಾರ ಗೂಗಲ್‌ನಲ್ಲೇ ಇದೆ, 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ. ಇಷ್ಟು ತಿಂಗಳು ನಾನು ಬಳಸದಿದ್ದರೆ ಇಂಥವರಿಗೆ ಕೊಡಿ ಅಂತ ಮೊದಲೇ ಬರೆದಿಡಬಹುದು. 3 ತಿಂಗಳಿಂದ 18 ತಿಂಗಳವರೆಗೆ ಅವಧಿ ಆರಿಸಬಹುದು. ಆಪಲ್‌ನಲ್ಲೂ 2021ರ ಕೊನೆಯಿಂದ 'ಲೆಗಸಿ ಕಾಂಟ್ಯಾಕ್ಟ್' ಇದೆ. ಒಳ್ಳೆಯ ಸೌಲಭ್ಯ, ಆದರೆ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಇಟ್ಟಿದ್ದಾರೆ. ಅಪ್ಪ ಅಮ್ಮನ ಫೋನಿನಲ್ಲಿ ನೀವೇ ಕೂತು ಮಾಡಿಕೊಡಿ. ಅವರಿಗೆ ಬೇಜಾರಾಗದ ಹಾಗೆ ಮಾತು ತೆಗೆಯುವುದು ನಿಮ್ಮ ಜಾಣತನ.

ಇಷ್ಟು ದೊಡ್ಡ ಕಂಪನಿ, ಸೇವೆ ಎಲ್ಲಿ ಹೋಗುತ್ತೆ ಅನ್ನುವವರಿಗೆ ಒಂದಿಷ್ಟು ಹಳೆ ಹೆಸರು ನೆನಪಿಸುತ್ತೇನೆ. ಗೂಗಲ್‌ನದೇ ಫೋಟೋ ತಂತ್ರಾಂಶ ಪಿಕಾಸಾ ಗೊತ್ತಲ್ಲ, ಸೈಬರ್ ಸೆಂಟರ್‌ಗಳ ಕಾಲದಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ಇತ್ತು, 2016ರಲ್ಲಿ ನಿಲ್ಲಿಸಿದರು. ಅವರದೇ ಸೋಷಿಯಲ್ ತಾಣ ಆರ್ಕುಟ್ 2014ರಲ್ಲಿ ಹೋಯಿತು. ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ನಮ್ಮದೇ 50,000 ಹಾಡುಗಳನ್ನು ಬಿಟ್ಟಿಯಾಗಿ ಇಡಬಹುದಿತ್ತು. 2020ರಲ್ಲಿ ಅದನ್ನು ಮುಚ್ಚಿ, 2021ರ ಫೆಬ್ರವರಿಯೊಳಗೆ ತೆಗೆದುಕೊಳ್ಳದೇ ಇದ್ದವರದ್ದನ್ನೆಲ್ಲ ಅಳಿಸಿದರು. ಫೋಟೋ ಇಡುವ ತಾಣ ಫ್ಲಿಕರ್ 2013ರಲ್ಲಿ ಎಲ್ಲರಿಗೂ 1 ಟಿಬಿ ಬಿಟ್ಟಿ ಅಂದಿತು, ಕಂಪನಿ ಕೈ ಬದಲಾದ ಮೇಲೆ 2018ರಲ್ಲಿ ಬಿಟ್ಟಿಯಾದರೆ 1,000 ಫೋಟೋ ಮಾತ್ರ ಅಂದಿತು. ಮೈಕ್ರೋಸಾಫ್ಟ್ ಒನ್‌ಡ್ರೈವ್ ಮಿತಿಯೇ ಇಲ್ಲ ಅಂದದ್ದನ್ನು 2015ರಲ್ಲಿ ವಾಪಸ್ ತೆಗೆದುಕೊಂಡಿತು, ಬಿಟ್ಟಿ 15 ಜಿಬಿಯನ್ನು 5ಕ್ಕೆ ಇಳಿಸಿತು. ಅಮೆಜಾನ್ ಡ್ರೈವ್ 2023ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಇವರೆಲ್ಲ ಮುಂಚೆಯೇ ಹೇಳಿ ಮಾಡಿದವರು, ಅಷ್ಟು ಮರ್ಯಾದೆ ಇತ್ತು. ಮೈಸ್ಪೇಸ್ ಅನ್ನುವ ಹಳೆ ಸೋಷಿಯಲ್ ತಾಣದ್ದು ಅದೂ ಇಲ್ಲ. ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷದ ಹಾಡುಗಳು ಹೋದವು ಅಂತ 2019ರಲ್ಲಿ ಹೊರಗೆ ಬಂತು.

ಸರ್ಕಾರದ್ದಾದರೆ ಗಟ್ಟಿ ಅಂತೀರಾ? 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್'ನ 858 ಟಿಬಿ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇರಲಿಲ್ಲ. ಕೊರಿಯಾದವರು, ಅಷ್ಟು ಬುದ್ಧಿವಂತರು! ಕ್ಲೌಡ್ ಅಂದರೂ ಕೊನೆಗೆ ಎಲ್ಲೋ ಒಂದು ಕಟ್ಟಡ, ಅದರೊಳಗೆ ಡಿಸ್ಕು, ಬ್ಯಾಟರಿ, ವೈರು.

ಇಲ್ಲೇ ನನ್ನ ಒಂದು ಸಿಟ್ಟನ್ನೂ ತೀರಿಸಿಕೊಂಡುಬಿಡುತ್ತೇನೆ. ಈಗ ಮದುವೆ ಫೋಟೋ ಸ್ಟುಡಿಯೋದವರು ಪೆನ್‌ಡ್ರೈವ್ ಕೊಡುವುದನ್ನು ಬಿಟ್ಟು ಲಿಂಕ್ ಕಳಿಸುತ್ತಾರೆ. ನಮ್ಮ ಮನೆಯ ಮದುವೆಯದ್ದೂ ಹಾಗೇ ಬಂತು. ಮುಖ ಸ್ಕ್ಯಾನ್ ಮಾಡಿದರೆ ನಿಮ್ಮ ಫೋಟೋ ಮಾತ್ರ ಬರುತ್ತದೆ ಅಂತ ನೆಂಟರೆಲ್ಲ ಖುಷಿಪಟ್ಟರು. ಅದರ ಅವಧಿ ಮುಗಿಯುತ್ತದೆ ಅಂತ ಯಾರೂ ಹೇಳಲಿಲ್ಲ, ಒಂದು ದಿನ ಲಿಂಕ್ ತೆರೆಯಲಿಲ್ಲ. ಸ್ಟುಡಿಯೋದವರನ್ನು ಕೇಳಿದರೆ 'ಸಾರ್, ನಮ್ಮ ಪ್ಲಾನ್ ಮುಗೀತು, ಹಾರ್ಡ್ ಡಿಸ್ಕ್‌ನಲ್ಲಿ ಇದೆಯಾ ನೋಡ್ತೀನಿ' ಅಂದರು. ಪುಣ್ಯಕ್ಕೆ ಇತ್ತು. ನಾಳೆ ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೇ ಸ್ಟುಡಿಯೋಗೆ ಅಡ್ವಾನ್ಸ್ ಕೊಡುವಾಗ, ಮೂಲ ಫೈಲ್‌ಗಳು ಪೆನ್‌ಡ್ರೈವ್‌ನಲ್ಲೋ ಡಿಸ್ಕ್‌ನಲ್ಲೋ ಕೈಗೆ ಬರಬೇಕು ಅಂತ ಹೇಳಿಯೇ ಕೊಡಿ. ಲಿಂಕು ನೆಂಟರಿಗೆ ಇರಲಿ.

ಹಾಗಾದರೆ ಹಾರ್ಡ್ ಡಿಸ್ಕ್ ಒಂದೇ ಸಾಕಾ? ಅದೂ ಸಾಲದು. ಬಿದ್ದರೆ ಹೋಯಿತು, ವರ್ಷಗಟ್ಟಲೆ ಮುಟ್ಟದಿದ್ದರೆ ಒಂದು ದಿನ ಸ್ಟಾರ್ಟೇ ಆಗುವುದಿಲ್ಲ. ಕರಾವಳಿ, ಮಲೆನಾಡಿನ ಥಂಡಿಗೆ ಡಿವಿಡಿ, ಕ್ಯಾಸೆಟ್‌ಗಳ ಮೇಲೆ ಬೂಷ್ಟು ಬರುವುದು ಗೊತ್ತೇ ಇದೆ. ನಾನು ಮಾಡಿಕೊಂಡಿರುವುದು ಸರಳ. ಎರಡು ಪೋರ್ಟಬಲ್ ಡಿಸ್ಕ್, ಎರಡರಲ್ಲೂ ಅದೇ ಫೈಲ್‌ಗಳು. ಒಂದು ಬೆಂಗಳೂರಿನಲ್ಲಿ, ಒಂದು ಊರ ಮನೆಯಲ್ಲಿ. ಚೌತಿಗೆ ಊರಿಗೆ ಹೋದಾಗ ಅದಲು ಬದಲು, ಬರುವಾಗ ಕೆಲವು ಹಳೆ ಫೈಲ್ ತೆರೆದು ನೋಡುವುದು. ಫೋಲ್ಡರ್ ಹೆಸರು ಇಸವಿ ಮತ್ತು ಸಂದರ್ಭ, ಅಷ್ಟೇ. ಯಾವ ಆ್ಯಪ್ ಇಲ್ಲದೆಯೂ ಯಾರಾದರೂ ತೆರೆದು ನೋಡಬಹುದು. ಸ್ಕ್ಯಾನ್ ಮಾಡಿದವುಗಳ ತಾರೀಕನ್ನು ಮೊದಲು ಫೈಲಿಗೇ ಸೇರಿಸಿ ಆಮೇಲೆ ಗೂಗಲ್‌ಗೆ ಹಾಕುತ್ತೇನೆ. ಟೇಕ್‌ಔಟನ್ನು ಎರಡು ತಿಂಗಳಿಗೊಮ್ಮೆ, ಒಂದು ವರ್ಷದ ಮಟ್ಟಿಗೆ, ತಾನಾಗಿಯೇ ತಯಾರಾಗುವ ಹಾಗೆ ಇಡಬಹುದು, ಅದನ್ನು ಆನ್ ಮಾಡಿಟ್ಟಿದ್ದೇನೆ. ಕಂಪ್ಯೂಟರ್ ಗೊತ್ತಿರುವವರು ಇಮ್ಮಿಚ್ ಅನ್ನುವ ತಂತ್ರಾಂಶ ನೋಡಬಹುದು. ಮನೆಯ ಹಳೆ ಕಂಪ್ಯೂಟರಿನಲ್ಲೇ ಗೂಗಲ್ ಫೋಟೋಸ್ ತರಹ ನಡೆಸಬಹುದು, ಮುಖ ಗುರುತಿಸುವುದೂ ಇದೆ, ತಂತ್ರಾಂಶಕ್ಕೆ ಕಾಸಿಲ್ಲ. ಆದರೆ ಅದರ ಯಜಮಾನರೂ ನೀವೇ, ಕೆಟ್ಟರೆ ರಿಪೇರಿಯವರೂ ನೀವೇ. ನೀವು ಊರಲ್ಲಿ ಇಲ್ಲದಾಗ 'ಫೋಟೋ ಬರ್ತಿಲ್ಲ' ಅಂತ ಮನೆಯಿಂದ ಫೋನ್ ಬರುತ್ತದೆ.

ಯಾವ ಪ್ಲಾನ್ ತಗೋಬೇಕು ಅಂತ ಕೇಳಿದರೆ, ಸಾಮಾನ್ಯ ಮನೆಗೆ 200 ಜಿಬಿ ಸಾಕು. ವಾಟ್ಸಾಪ್ ಬ್ಯಾಕಪ್‌ನಲ್ಲಿ ವಿಡಿಯೋ ಆಫ್ ಮಾಡಿ, ಬೇಡದ ಸ್ಕ್ರೀನ್‌ಶಾಟ್ ಅಳಿಸಿ. ದೊಡ್ಡ ವಿಡಿಯೋ, ಕ್ಯಾಸೆಟ್‌ನಿಂದ ಇಳಿಸಿದ್ದು, ಇವೆಲ್ಲ ಡಿಸ್ಕಿನಲ್ಲಿ ಇರಲಿ. 2 ಟಿಬಿಯ ಒಂದು ವರ್ಷದ ದುಡ್ಡಿನ ಆಸುಪಾಸಿಗೆ ಅಷ್ಟೇ ದೊಡ್ಡ ಡಿಸ್ಕ್ ಬರುತ್ತಿತ್ತು, ಈಗಿನ ಬೆಲೆ ಒಮ್ಮೆ ನೋಡಿಕೊಳ್ಳಿ.

ಈಗ ಬಿಟ್ಟಿಯಾಗಿ 2 ಟಿಬಿ ಸಿಕ್ಕಿರುವವರು ಮಾತ್ರ ಇದನ್ನು ಎರಡು ಸಲ ಓದಿ. 2025ರ ಅಕ್ಟೋಬರ್ ಕೊನೆಯಲ್ಲಿ ಜಿಯೋ ಮತ್ತು ಗೂಗಲ್ ಸೇರಿ, 5ಜಿ ಅನ್‌ಲಿಮಿಟೆಡ್ ಪ್ಲಾನ್ ಇರುವವರಿಗೆ ಗೂಗಲ್‌ನ ಎಐ ಸೇವೆ ಜೆಮಿನಿ ಪ್ರೊ 18 ತಿಂಗಳು ಬಿಟ್ಟಿ ಅಂತ ಘೋಷಿಸಿದರು, ಅದರ ಜೊತೆ 2 ಟಿಬಿ ಜಾಗವೂ ಇತ್ತು. ಬೆಲೆ 35,100 ರೂಪಾಯಿ ಅಂತ ಅವರೇ ಹೇಳಿದ್ದು, ಅಂದರೆ ತಿಂಗಳಿಗೆ 1,950. ತಗೊಂಡಿದ್ದು ತಪ್ಪು ಅನ್ನೋದಿಲ್ಲ. ಆದರೆ ಖಾಲಿ ಇದೆ ಅಂತ 300 ಜಿಬಿ ತುಂಬಿಸಿಟ್ಟು, ಅವಧಿ ಮುಗಿದ ಮೇಲೆ ದುಡ್ಡು ಕಟ್ಟದಿದ್ದರೆ ನಿಮ್ಮ ಮಿತಿ ಮತ್ತೆ 15 ಜಿಬಿ. ಮೇಲೆ ಹೇಳಿದ ಜಿಮೇಲ್ ನಿಲ್ಲುವ ಕತೆ ಅವತ್ತೇ ಶುರು. ಜಾಗದ ಚಂದಾ ವಿವರ ತೋರಿಸುವ ಗೂಗಲ್ ಒನ್ ಆ್ಯಪ್ ತೆರೆದು ಕೊನೆಯ ದಿನ ಯಾವುದು ನೋಡಿ, ಅದಕ್ಕೆ ಎರಡು ತಿಂಗಳು ಮುಂಚೆ ಫೋನಿನಲ್ಲಿ ಒಂದು ರಿಮೈಂಡರ್ ಹಾಕಿ. ಟೇಕ್‌ಔಟ್ ಮಾಡಿ, ಇಳಿಸಿ, ಜಿಪ್ ಬಿಚ್ಚಿ, ತಾರೀಕು ಸರಿ ಮಾಡಿಕೊಳ್ಳೋಕೆ ಅಷ್ಟಾದರೂ ಟೈಮ್ ಬೇಕು.